ಇಂಡಿ–ಬಾಗೇವಾಡಿ ಸೀಮೆಯಲ್ಲಿ ಹಣ್ಣಿನ ಪಾಕ ಮತ್ತು ಸಂಗ್ರಹ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಭಾಗಗಳಲ್ಲಿ ತೋಟದ ಹಣ್ಣು, ಕಾಯಿಗಳನ್ನು ಉಪ್ಪಿನಲ್ಲಿ ಹಾಕುವ, ಬೆಲ್ಲದಲ್ಲಿ ಕುದಿಸುವ, ಕುಟ್ಟಿ ತೊಕ್ಕು ಮಾಡುವ, ಒಣಗಿಸಿಡುವ ಹಳೆಯ ಪದ್ಧತಿಗಳು ಈ ಲೇಖನದ ವಿಷಯ. ಚಡಚಣ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಈಗ ಬೇರೆ ತಾಲೂಕುಗಳಾಗಿದ್ದರೂ ಇಲ್ಲಿ ಹಳೆಯ ನಾಲ್ಕು ತಾಲೂಕುಗಳ ಮೇರೆಯನ್ನೇ ಇಟ್ಟುಕೊಂಡಿದೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಮಳೆ ಕಡಿಮೆ, ಬಿಸಿಲು ಧಾರಾಳ. ಎರೆ ಹೊಲ ಜೋಳ, ಕಡಲೆ, ಕುಸುಬಿಗೆ ಮೀಸಲು. ಹಣ್ಣಿನ ಗಿಡ ನಿಂತದ್ದು ಬಾವಿಯ ನೀರು ಸಿಕ್ಕ ಮಡ್ಡಿ, ಮಸಾರಿ ಭೂಮಿಯಲ್ಲಿ, ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ.

ಇಲ್ಲಿಯ ಹಣ್ಣಿನ ಪಾಕಗಳ ಸ್ವಭಾವವನ್ನು ಈ ನೆಲವೇ ನಿರ್ಧರಿಸಿದೆ. ಯುರೋಪಿನ ಜಾಮು, ಮಾರ್ಮಲೇಡುಗಳು ಸಕ್ಕರೆ ಮತ್ತು ಬೆಂಕಿಯನ್ನು ನಂಬಿದವು. ಈ ಸೀಮೆಯ ಸಂಗ್ರಹ ನಂಬಿದ್ದು ಉಪ್ಪು, ಹುಳಿ, ಬಿಸಿಲುಗಳನ್ನು. ಸೌದೆ ದುಬಾರಿ, ಸಕ್ಕರೆ ಇನ್ನೂ ದುಬಾರಿ. ಬಿಸಿಲಿಗೆ ಮಾತ್ರ ಬೆಲೆಯಿರಲಿಲ್ಲ. ಗ್ರಂಥಗಳಲ್ಲಿ ಉಳಿದ ಪಾಕಗಳು ಅರಮನೆಯವು, ಮನೆಗಳಲ್ಲಿ ಉಳಿದವು ಕೈಯಳತೆಯವು. ಇವೆರಡರ ನಡುವೆ ನಾವು ಎಣಿಸುವಷ್ಟು ಅಂತರವಿಲ್ಲ ಎಂಬುದು ಪಾಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಈ ಪ್ರದೇಶದ ಬಹುಭಾಗ ತರ್ದವಾಡಿ ಸಾಸಿರ ಎಂಬ ನಾಡಿಗೆ ಸೇರಿತ್ತು. ಭೀಮಾ ತೀರದ ಇಂದಿನ ತದ್ದೇವಾಡಿಯೇ ಆ ತರ್ದವಾಡಿ. ರಾಜವಂಶವನ್ನು ಮರಳಿ ಕಟ್ಟಿದ ಎರಡನೆಯ ತೈಲಪ, ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಸಾಮಂತನಾಗಿ ಈ ನಾಡನ್ನು ಆಳುತ್ತಿದ್ದನೆಂದು ಬಾಗೇವಾಡಿ ತಾಲೂಕಿನ ನರಸಲಗಿಯ 965ರ ಶಾಸನ ಹೇಳುತ್ತದೆ. ಆ ಮನೆತನದ ಆಶ್ರಯದಲ್ಲೇ ಅಡುಗೆಯ ಬಗ್ಗೆ ಎರಡು ಮುಖ್ಯ ಬರಹಗಳು ಹುಟ್ಟಿದವು. ಜಯಸಿಂಹನ ಆಸ್ಥಾನದ ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ‘ಲೋಕೋಪಕಾರ’ವನ್ನು ಕನ್ನಡದಲ್ಲಿ ಬರೆದ. ಹನ್ನೆರಡು ಅಧ್ಯಾಯಗಳ ಈ ಗ್ರಂಥದಲ್ಲಿ ಬಾವಿಗೆ ನೀರು ನೋಡುವ ವಿದ್ಯೆ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಶುವೈದ್ಯಗಳ ಜೊತೆಗೆ ಸೂಪಶಾಸ್ತ್ರವೂ ಇದೆ. ನೀರು ಹುಡುಕು, ಗಿಡ ನೆಡು, ಬಂದದ್ದನ್ನು ಅಡುಗೆ ಮಾಡು ಎಂಬ ಒಕ್ಕಲುತನದ ಸರಣಿ ಒಂದೇ ಹೊತ್ತಗೆಯಲ್ಲಿ ಸಿಗುವುದು ಅಪರೂಪ. ಈ ಸೀಮೆಯ ರೈತನಿಗೆ ಇಂದು ಕೈಪಿಡಿ ಬರೆದರೂ ಅಧ್ಯಾಯಗಳ ಕ್ರಮ ಹೀಗೆಯೇ ಇರಬೇಕಾದೀತು.

ನೂರು ವರ್ಷದ ಬಳಿಕ ಮುಮ್ಮಡಿ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ಅದರ ಅನ್ನಭೋಗ ಪ್ರಕರಣ ಇಡ್ಡಲಿಗೆ, ದೋಸೆ, ವಡೆ, ಮಾಂಸದಡುಗೆಗಳ ವರ್ಣನೆಗಾಗಿ ಹೆಸರಾಗಿದೆ. ಸಕ್ಕರೆ ಬೆರೆಸಿ ಸೋಸಿದ ಗಟ್ಟಿ ಮೊಸರಿನ ಶಿಖರಿಣಿಯೂ ಅಲ್ಲುಂಟು. ಪಾನೀಯಭೋಗದಲ್ಲಿ ಋತುವಿಗೆ ತಕ್ಕ ನೀರು, ಅದಕ್ಕೆ ಕಟ್ಟುವ ಪರಿಮಳ, ಹುಳಿ–ಸಿಹಿ ಪಾನಕಗಳ ವಿಚಾರ ಬರುತ್ತದೆ. ಅರಸನ ಪಾತ್ರೆಗೆ ಕರ್ಪೂರವೂ ಏಲಕ್ಕಿಯೂ ಬಿದ್ದವು. ಅವನ್ನು ಬಿಟ್ಟರೆ ಉಳಿಯುವುದು ಹುಳಿರಸ, ಬೆಲ್ಲ, ತಣ್ಣೀರು. ಬೇಸಗೆಯಲ್ಲಿ ಹುಣಸೆಹಣ್ಣನ್ನೋ ಬಳವಲಹಣ್ಣನ್ನೋ ಕಿವುಚಿ ಹಳ್ಳಿಯವರು ಕುಡಿಯುವ ಪಾನಕ ಅದೇ.

ಉಪ್ಪು ಕಾಯಿಗಳ ನಂಟು ಆ ಶತಮಾನಕ್ಕೆ ಎಷ್ಟು ಸಹಜವಾಗಿತ್ತೆಂಬುದಕ್ಕೆ ವಚನಗಳೂ ಸಾಕ್ಷಿ. ಎಲ್ಲಿಯದೋ ನೆಲ್ಲಿಗೆ ಎಲ್ಲಿಯದೋ ಉಪ್ಪು ಕೂಡಿಬರುವುದನ್ನು ಅಲ್ಲಮಪ್ರಭು ಒಂದು ವಚನದಲ್ಲಿ ದೃಷ್ಟಾಂತವಾಗಿ ತರುತ್ತಾನೆ. ವಚನದ ಗುರಿ ಅಡುಗೆಯಲ್ಲ, ನಿಜ. ಆದರೆ ಕೇಳುವವರ ಮನೆಯಲ್ಲಿ ಉಪ್ಪುನೆಲ್ಲಿ ಇಲ್ಲದಿದ್ದರೆ ಆ ದೃಷ್ಟಾಂತ ತಟ್ಟುತ್ತಿರಲಿಲ್ಲ.

ಕನ್ನಡದಲ್ಲಿ ಅಡುಗೆಗೇ ಮೀಸಲಾದ ಪ್ರಸಿದ್ಧ ಕೃತಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’, ವಾರ್ಧಕ ಷಟ್ಪದಿಯದು, 16ನೆಯ ಶತಮಾನದ ಆರಂಭದ್ದು. ಕಲ್ಲಹಳ್ಳಿಯ ಜೈನ ಪ್ರಭುವಾದ ಮಂಗರಸ ಭಕ್ಷ್ಯ, ಪಾನಕ, ಅನ್ನಗಳಾದ ಮೇಲೆ ಬದನೆ, ಹಲಸು, ಬಾಳೆ, ಕಳಲೆಗಳ ಕಡೆಗೆ ತಿರುಗುತ್ತಾನೆ. ಹಲಸು, ಕಳಲೆ ಎಂದರೆ ಅದು ದಕ್ಷಿಣದ ತೇವದ ನಾಡಿನ ಅಡುಗೆ. ಬಾಗೇವಾಡಿಯ ಒಲೆಗೆ ಅದನ್ನು ನೇರವಾಗಿ ಹಚ್ಚಲಾಗದು. ಗುರುಲಿಂಗ ದೇಶಿಕನ ‘ಲಿಂಗಪುರಾಣ’ (1594) ಐವತ್ತು ಬಗೆಯ ಉಪ್ಪಿನಕಾಯಿಗಳನ್ನು ಹೆಸರಿಸುತ್ತದೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚಯ ದಾಖಲಿಸಿದ್ದಾರೆ. ಹೊರಗಿನವರ ಕಣ್ಣಿಗೂ ಇದು ಬಿದ್ದಿತ್ತು. 14ನೆಯ ಶತಮಾನದಲ್ಲಿ ಹೊನ್ನಾವರದ ಸುಲ್ತಾನನ ಪಂಕ್ತಿಯಲ್ಲಿ ಉಂಡ ಇಬ್ನ್ ಬತೂತಾ, ಅನ್ನದ ಜೊತೆ ಉಪ್ಪಿನಲ್ಲಿ ಹಾಕಿದ ಮೆಣಸಿನ ಗೊಂಚಲು, ಹಸಿಶುಂಠಿ, ಲಿಂಬೆ, ಮಾವುಗಳನ್ನು ಬಡಿಸಿದರೆಂದು ಬರೆದಿದ್ದಾನೆ. ಮಾಗುವ ಮೊದಲೇ ಉದುರಿದ ಮಾವಿನಕಾಯಿಯನ್ನು, ತನ್ನ ದೇಶದಲ್ಲಿ ಲಿಂಬೆಗೆ ಮಾಡುವಂತೆಯೇ, ಹಿಂದೂಸ್ತಾನದವರು ಉಪ್ಪು ಹಾಕಿ ಇಡುತ್ತಾರೆಂದೂ ಹೇಳುತ್ತಾನೆ.

ಅವನ ಮಾತಿನ ‘ತನ್ನ ದೇಶ’ ಮೊರೊಕ್ಕೊ. ಅರಬ್ಬೀ ಜಗತ್ತಿನ ಲಿಂಬೆಯ ಪಾಕಕ್ಕೆ ಇನ್ನೂ ಹಳೆಯ ಲಿಖಿತ ರೂಪವೊಂದಿದೆ. ಸಲಾದೀನನ ವೈದ್ಯನಾಗಿದ್ದ ಕೈರೋದ ಇಬ್ನ್ ಜುಮೈ 12ನೆಯ ಶತಮಾನದಲ್ಲಿ ಲಿಂಬೆಯ ಮೇಲೆಯೇ ಒಂದು ಗ್ರಂಥ ಬರೆದ. ಹಳದಿ ತಿರುಗಿದ ಹಣ್ಣನ್ನು ಹೋಳು ಬೇರೆಯಾಗದಂತೆ ಸೀಳಬೇಕು, ಸೀಳಿನಲ್ಲಿ ನುಣ್ಣನೆಯ ಉಪ್ಪು ತುಂಬಬೇಕು, ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಒತ್ತಿಟ್ಟು ಮುಳುಗುವಷ್ಟು ಲಿಂಬೆರಸ ಹೊಯ್ಯಬೇಕು, ಬಾಯಿ ಬಿಗಿದು ಹದಿನೈದು ದಿನ ಬಿಸಿಲಿಗಿಡಬೇಕು, ನಲವತ್ತು ದಿನ ಮುಟ್ಟಬಾರದು, ಮತ್ತಷ್ಟು ಬಿಟ್ಟರೆ ರುಚಿ ಇನ್ನೂ ಹೆಚ್ಚು. ಇದನ್ನು ಇಂಡಿಯ ಯಾವುದೇ ಹಿರಿಯ ಗೃಹಿಣಿಗೆ ಓದಿ ಹೇಳಿದರೆ ಖಾರ ಎಲ್ಲಿ ಎಂದು ಕೇಳಿಯಾರು, ಉಳಿದದ್ದಕ್ಕೆ ತಕರಾರು ತೆಗೆಯಲಾರರು.

ಇಂಡಿ ಇಂದು ಲಿಂಬೆಯ ಊರು. ತೆಳು ಸಿಪ್ಪೆಯ, ರಸ ತುಂಬಿದ ಕಾಗ್ಜಿ ಲಿಂಬೆ ಇಲ್ಲಿಯ ಮಡ್ಡಿ ನೆಲಕ್ಕೆ ಒಗ್ಗಿದೆ. ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇಲ್ಲಿಯೇ ಇದೆ, ಈಚಿನ ವರ್ಷಗಳಲ್ಲಿ ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಗಿಡ ವರ್ಷದಲ್ಲಿ ಹೆಚ್ಚುಕಡಿಮೆ ಮೂರು ಸಲ ಹೂ ಹಿಡಿಯುತ್ತದೆ. ಬೆಳೆಗಾರರು ಇವನ್ನು ಅಂಬೆ, ಮೃಗ, ಹಸ್ತ ಬಹಾರಗಳೆನ್ನುತ್ತಾರೆ. ಹಸ್ತದ ಹೂವಿನ ಕಾಯಿ ಬೇಸಗೆಗೆ ಬರುತ್ತದೆ, ಆಗ ಬೆಲೆ ಏರಿರುತ್ತದೆ, ಮನೆಯ ಭರಣಿಗೆ ಒಂದು ಕಾಯಿಯೂ ಉಳಿಯುವುದಿಲ್ಲ. ಮಳೆಗಾಲದ ರಾಶಿಗೆ ದರ ಕುಸಿದಾಗ, ಚೀಲದ ಖರ್ಚೂ ಗಿಟ್ಟದ ದಿನಗಳಲ್ಲಿ, ಉಪ್ಪಿನಕಾಯಿಯ ನೆನಪಾಗುತ್ತದೆ. ಉಪ್ಪಿನಕಾಯಿಯನ್ನು ಸಮೃದ್ಧಿಯ ಸಂಭ್ರಮವೆಂದು ವರ್ಣಿಸುವವರು ಈ ಪೇಟೆಯ ಲೆಕ್ಕವನ್ನು ಮರೆಯುತ್ತಾರೆ.

ಮನೆಯ ಪಾಕ ಹೀಗೆ: ಹಳದಿಯಾದ, ಕಲೆಯಿಲ್ಲದ ಲಿಂಬೆಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಲು ಬಿಡುತ್ತಾರೆ. ನಾಲ್ಕು ಅಥವಾ ಎಂಟು ಹೋಳು ಮಾಡಿ, ಕಿಲೋಗೆ ಸುಮಾರು 200ರಿಂದ 250 ಗ್ರಾಂ ಉಪ್ಪು, ಅರಿಸಿನ ಬೆರೆಸಿ ಭರಣಿಗೆ ತುಂಬುತ್ತಾರೆ. ಬಾಯಿಗೆ ಬಿಳಿ ಅರಿವೆ ಕಟ್ಟಿ ಹದಿನೈದು ದಿನದಿಂದ ತಿಂಗಳವರೆಗೆ ಬಿಸಿಲಿಗಿಟ್ಟು, ದಿನಕ್ಕೊಮ್ಮೆ ಒಣಗಿದ ಕಟ್ಟಿಗೆಯ ಸೌಟಿನಿಂದ ಮೇಲೆ ಕೆಳಗೆ ಮಾಡುತ್ತಾರೆ. ಸಿಪ್ಪೆ ಮೆತ್ತಗಾಗಿ, ಬಣ್ಣ ಕಂದಿ, ರಸ ಗಟ್ಟಿಯಾದ ಮೇಲೆ ಬ್ಯಾಡಗಿ ಖಾರಪುಡಿ, ಹುರಿದ ಮೆಂತ್ಯ, ಸಾಸಿವೆಯ ಪುಡಿ, ಇಂಗು. ಬೆಲ್ಲ ಹಾಕಿದರೆ ಸಿಹಿ ಉಪ್ಪಿನಕಾಯಿ. ಎಣ್ಣೆ ಬೇಕೇ ಬೇಕೆಂದಿಲ್ಲ. ಖಾರ ಹಾಕದೆ ಉಪ್ಪಿನಲ್ಲೇ ವರ್ಷಗಟ್ಟಲೆ ಬಿಟ್ಟ ಲಿಂಬೆ ಕಪ್ಪಾಗುತ್ತದೆ. ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ ಗಂಜಿಯ ಜೊತೆ ಅದರ ಒಂದು ಚೂರು.

ಇದರ ಹಿಂದಿನ ಕಾರ್ಯಕಾರಣ ಸರಳ. ಲಿಂಬೆರಸದಲ್ಲಿ ನೂರಕ್ಕೆ ಆರು–ಏಳು ಭಾಗ ಸಿಟ್ರಿಕ್ ಆಮ್ಲ ಇರುತ್ತದೆ. ಅಷ್ಟು ಹುಳಿಯಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಬೆಳೆಯಲಾರವು. ಉಪ್ಪು ಹೋಳಿನ ನೀರನ್ನು ಹೊರಗೆಳೆಯುತ್ತದೆ, ಉಳಿದ ನೀರನ್ನೂ ಸೂಕ್ಷ್ಮಜೀವಿಗಳ ಕೈಗೆ ಸಿಗದಂತೆ ಮಾಡುತ್ತದೆ. ಬಿಸಿಲಿನ ಕಾವಿಗೆ ಸಿಪ್ಪೆಯ ಪೆಕ್ಟಿನ್ ಸಡಿಲಾಗಿ, ಕಹಿ ನಿಧಾನ ಇಳಿಯುತ್ತದೆ. ಬೂಸ್ಟು ಬರುವುದು ಮೇಲ್ಮೈಯಲ್ಲಿ, ಹಸಿ ಸೌಟಿನ ಹನಿಯಿಂದ. ಮುಟ್ಟಾದವರು ಭರಣಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆಂಬ ನಂಬಿಕೆಗೆ ಇದರಲ್ಲಿ ಯಾವ ಆಧಾರವೂ ಇಲ್ಲ. ಕೆಡಿಸುವುದು ನೀರು, ಹೆಂಗಸಲ್ಲ.

ಪಾತ್ರೆಯ ಆಯ್ಕೆಯೂ ಪಾಕದ ಭಾಗ. ಹುಳಿ ಉಪ್ಪು ಎರಡೂ ಲೋಹವನ್ನು ತಿನ್ನುತ್ತವೆ, ಆದ್ದರಿಂದ ಕಲಾಯಿ ಹೋದ ತಾಮ್ರ, ಹಿತ್ತಾಳೆಗೆ ಇಲ್ಲಿ ಪ್ರವೇಶವಿಲ್ಲ. ಮೆರುಗಿನ ಚೀನೀ ಭರಣಿ ಬರುವ ಮೊದಲು ಮಣ್ಣಿನ ಗಡಿಗೆಗೆ ಎಣ್ಣೆ ಕುಡಿಸಿ ಬಳಸಬೇಕಿತ್ತು. ಈ ಎಚ್ಚರ ವೈದ್ಯಗ್ರಂಥಗಳಲ್ಲೂ ಕಾಣುತ್ತದೆ. 16ನೆಯ ಶತಮಾನದ ‘ಭಾವಪ್ರಕಾಶ’ ರಾಗಷಾಡವ ಎಂಬ ಪಾಕವನ್ನು ವಿವರಿಸುತ್ತದೆ. ಸಿಪ್ಪೆ ತೆಗೆದ ಹಸಿ ಮಾವಿನ ಹೋಳನ್ನು ತುಪ್ಪದಲ್ಲಿ ತುಸು ಹುರಿದು, ಸಕ್ಕರೆಯ ಪಾಕಕ್ಕೆ ಹಾಕಿ, ಮೆಣಸು, ಏಲಕ್ಕಿ, ಕರ್ಪೂರಗಳಿಂದ ಪರಿಮಳಗೊಳಿಸಿ, ಜಿಡ್ಡು ಹಿಡಿಸಿದ ಮಣ್ಣಿನ ಪಾತ್ರೆಯಲ್ಲಿ ತುಂಬಿಡಬೇಕು.

ಈ ಸೀಮೆಯ ಗುಳಂಬ ರಾಗಷಾಡವದ ಬಡ ತಂಗಿ. ಹುಳಿ ಮಾವಿನಕಾಯಿಯನ್ನು ಹೆರೆದು, ಅಳತೆಗೆ ಅಳತೆ, ಹುಳಿ ಜೋರಾಗಿದ್ದರೆ ಒಂದೂವರೆ ಅಳತೆ, ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಎಳೆಪಾಕ ಬರುವತನಕ ತಿರುವುತ್ತಾರೆ. ಕೊನೆಗೆ ಏಲಕ್ಕಿ. ಸಕ್ಕರೆಯಲ್ಲಿ ಮಾಡಿದರೆ ಬಣ್ಣ ಬಂಗಾರದ್ದು, ರುಚಿ ಬೆಲ್ಲದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಒಲೆ ಹಚ್ಚದೆ, ಭರಣಿಯ ಬಾಯಿಗೆ ಅರಿವೆ ಕಟ್ಟಿ ವೈಶಾಖದ ಬಿಸಿಲಲ್ಲೇ ಪಾಕ ಬರಿಸುವ ಕ್ರಮವೂ ಉಂಟು. ಗುಜರಾತಿನ ಛುಂದಾ ಆಗುವುದೂ ಹೀಗೆಯೇ. ಶಾಲೆಗೆ ಹೋಗುವ ಮಕ್ಕಳ ಚಪಾತಿಯ ಸುರುಳಿಯಲ್ಲಿ ಗುಳಂಬ ಇಂದಿಗೂ ಜಾಮಿನ ಜಾಗ ಹಿಡಿದಿದೆ. ಮಾಗಿದ ಹಣ್ಣಿನ ಪಾಡೇ ಬೇರೆ. ಅದನ್ನು ಇಲ್ಲಿ ಕಾದಿಡುವುದಿಲ್ಲ, ಹಾಲು, ಬೆಲ್ಲ, ಏಲಕ್ಕಿ ಕೂಡಿಸಿ ಸೀಕರಣೆ ಮಾಡಿ ಅಂದೇ ಹೋಳಿಗೆಯ ಜೊತೆ ಮುಗಿಸುತ್ತಾರೆ. ಹಣ್ಣಿನ ರಸವನ್ನು ಬಟ್ಟೆಯ ಮೇಲೆ ಪದರ ಪದರವಾಗಿ ಹರವಿ ಒಣಗಿಸುವ ‘ಭಾವಪ್ರಕಾಶ’ದ ಆಮ್ರಾವರ್ತ ಕರಾವಳಿಯಲ್ಲಿ ಮಾಂಬಳವಾಗಿ ನೆಲೆಸಿತು. ಬಿಸಿಲು ಅಲ್ಲಿಗಿಂತ ಇಲ್ಲಿ ಹೆಚ್ಚು, ಹಣ್ಣು ಮಾತ್ರ ಅಲ್ಲಿಯಷ್ಟು ಇಲ್ಲ.

ಮಾವಿನ ಖಾರದ ಉಪ್ಪಿನಕಾಯಿಗೆ ಪಂಚಾಂಗದ ಗಡುವಿದೆ. ಮಿರಗ ಮಳೆ ಕೂಡುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಹೋಳು ಭರಣಿ ಸೇರಿರಬೇಕು. ಮಳೆ ಬಿದ್ದ ಮೇಲಿನ ಕಾಯಿಯಲ್ಲಿ ನೀರು ಹೆಚ್ಚು, ಹವೆಯೂ ತೇವ. ಗೊರಟದ ಚಿಪ್ಪು ಬಲಿತ ಕಾಯಿಯನ್ನು ಚಿಪ್ಪಿನ ಸಮೇತ ಕತ್ತರಿಸುತ್ತಾರೆ. ಚಿಪ್ಪು ಅಂಟಿದ ಹೋಳು ವರ್ಷವಾದರೂ ಕರಗುವುದಿಲ್ಲ. ಕುಸುಬಿ ಎಣ್ಣೆಯೋ ಶೇಂಗಾ ಎಣ್ಣೆಯೋ ಕಾಯಿಸಿ, ಆರಿಸಿ, ಹೋಳಿನ ಮೇಲೆ ನಿಲ್ಲುವಂತೆ ಹೊಯ್ಯುತ್ತಾರೆ. ಸರಕಾರದ ಆಹಾರ ನಿಯಮವೂ ಇದನ್ನೇ ಅಂಕಿಯಲ್ಲಿ ಹೇಳುತ್ತದೆ: ಎಣ್ಣೆಯ ಉಪ್ಪಿನಕಾಯಿಯಲ್ಲಿ ಎಣ್ಣೆಯ ಪದರ ಹೋಳಿನ ಮೇಲೆ ಕನಿಷ್ಠ ಅರ್ಧ ಸೆಂಟಿಮೀಟರ್ ನಿಲ್ಲಬೇಕು, ಉಪ್ಪುನೀರಿನದಾದರೆ ಉಪ್ಪು ನೂರಕ್ಕೆ 12, ಲಿಂಬೆರಸದ್ದಾದರೆ ಆಮ್ಲ 1.2 ಭಾಗಕ್ಕಿಂತ ಕಡಿಮೆಯಾಗಬಾರದು.

ಈ ಭರಣಿಗಳ ಕೆಂಪು ಬಣ್ಣ ಮಾತ್ರ ಹಳೆಯದಲ್ಲ. ಮೆಣಸಿನಕಾಯಿ ಅಮೆರಿಕದ ಬೆಳೆ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅವರು ಇಳಿದ ಗೋವೆ 1510ರವರೆಗೆ ವಿಜಯಪುರದ ಆದಿಲಶಾಹಿಗಳದೇ ಆಗಿತ್ತು. ಸೋಮೇಶ್ವರನ ಕಾಲದ ಉಪ್ಪಿನಕಾಯಿಗೆ ಖಾರ ಕೊಟ್ಟವು ಕರಿಮೆಣಸು, ಶುಂಠಿ, ಸಾಸಿವೆ. ಪೇರಲ, ಸೀತಾಫಲ, ಪಪ್ಪಾಯಿಗಳೂ ಆ ಕಡಲ ದಾರಿಯ ಅತಿಥಿಗಳು. ಸೀತಾಫಲ ಇಲ್ಲಿಯ ಮಡ್ಡಿಗಳಲ್ಲಿ ತಾನೇ ತಾನಾಗಿ ಬೆಳೆದರೂ ಅದಕ್ಕೊಂದು ಸಂಗ್ರಹದ ಪಾಕ ಹುಟ್ಟಲಿಲ್ಲ. ಹುಳಿಯಿಲ್ಲದ ಹಣ್ಣು ಭರಣಿಗೆ ಒಲ್ಲದು.

ಹುಳಿಯ ಮಾತಿಗೆ ಹುಣಸೆಯನ್ನು ಮೀರಿಸುವ ಮರವಿಲ್ಲ. ತೋಟದ ಗಿಡವೆಂದು ಯಾರೂ ಇದನ್ನು ಎಣಿಸುವುದಿಲ್ಲ, ಆದರೂ ಈ ಸೀಮೆಯ ಅಡುಗೆಮನೆಯಲ್ಲಿ ಅದರ ಸ್ಥಾನ ಮಾವಿಗಿಂತ ಮೇಲು. ಚಳಿಗಾಲದಲ್ಲಿ, ಬೀಜ ಇನ್ನೂ ಗಟ್ಟಿಯಾಗದ ಹುಣಸಿಕಾಯಿಯನ್ನು ತೊಳೆದು ಆರಿಸಿ, ನಾರು ತೆಗೆದು, ಉಪ್ಪು ಅರಿಸಿನ ಹಾಕಿ ಒರಳಲ್ಲಿ ಕುಟ್ಟುತ್ತಾರೆ. ಮೂರು ನಾಲ್ಕು ದಿನ ಮುಚ್ಚಿಟ್ಟು, ಮತ್ತೆ ಕುಟ್ಟಿ, ಉಳಿದ ಬೀಜ, ನಾರುಗಳನ್ನು ಆರಿಸಿ ತೆಗೆದು, ಮೆಂತ್ಯದ ಪುಡಿ, ಇಂಗು ಬೆರೆಸಿದರೆ ತೊಕ್ಕು. ಕೆಲವರು ಕುಟ್ಟುವಾಗಲೇ ಹಸಿಮೆಣಸಿನಕಾಯಿ ಸೇರಿಸುತ್ತಾರೆ, ಕೆಲವರು ಬೇಕಾದಾಗ ಬೇಕಾದಷ್ಟು ತೆಗೆದು ಒಗ್ಗರಣೆ ಕೊಡುತ್ತಾರೆ. ಚೆನ್ನಾಗಿ ಉಪ್ಪು ಬಿದ್ದ ತೊಕ್ಕು ವರ್ಷ ದಾಟಿಯೂ ನಿಲ್ಲುತ್ತದೆ. ಕಟಿರೊಟ್ಟಿ, ತೊಕ್ಕು, ಮೇಲೆ ಕೊಲ್ಹಾರದ ಗಡಿಗೆಯ ಮೊಸರು: ಹೊಲದ ಬುತ್ತಿಗೆ ಇಷ್ಟು ಸಾಕು. ಬಲಿತ ಹಣ್ಣಿಗೆ ಬೆಲ್ಲ, ಉಪ್ಪು, ಜೀರಿಗೆ, ಖಾರ ಹಾಕಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿದರೆ ಮಕ್ಕಳ ಚಿಗಳಿ.

ಬದುವಿನ ಬಾರಿಹಣ್ಣು ಸಂಕ್ರಾಂತಿಗೆ ಬರುತ್ತದೆ. ತಿಂದು ಉಳಿದದ್ದನ್ನು ಮಾಳಿಗೆಯ ಮೇಲೆ ಒಣಗಿಸಿ ಬೇಸಗೆಗೆ ಇಡುತ್ತಾರೆ. ಕವಳಿಕಾಯಿ ಉಪ್ಪಿನಕಾಯಿಗೆ, ಬಳವಲ ಬೆಲ್ಲದ ಚಟ್ನಿಗೆ. ದಾಳಿಂಬೆಯ ಸಿಪ್ಪೆ ಒಣಗಿ ಮನೆಮದ್ದಿನ ಡಬ್ಬಿ ಸೇರುತ್ತದೆ, ಕಾಳು ಹಸಿಯಾಗಿಯೇ ಮುಗಿಯುತ್ತದೆ.

ಒಣಗಿಸುವ ವಿದ್ಯೆ ದೊಡ್ಡ ಉದ್ಯಮವಾಗಿ ಬೆಳೆದದ್ದು ದ್ರಾಕ್ಷಿಯಲ್ಲಿ. ದಖ್ಖಣಕ್ಕೆ ಇದು ಹೊಸ ಹಣ್ಣಲ್ಲ. ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆಗಳು ವರ್ಷಕ್ಕೆರಡು ಬೆಳೆ ಕೊಡುತ್ತವೆಂದು ಇಬ್ನ್ ಬತೂತಾ ಬರೆದಿದ್ದಾನೆ. ಆದರೆ ವಿಜಯಪುರ ಜಿಲ್ಲೆ ಕರ್ನಾಟಕದ ದ್ರಾಕ್ಷಿ ನಾಡಾದದ್ದು ಕೊಳವೆಬಾವಿ, ಹನಿ ನೀರಾವರಿಗಳ ಕಾಲದಲ್ಲಿ, ಥಾಮ್ಸನ್ ಸೀಡ್‌ಲೆಸ್, ಸೋನಾಕ, ಮಾಣಿಕ್ ಚಮನ್ ತಳಿಗಳ ಜೊತೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತೋಟದ ಮಗ್ಗುಲಲ್ಲೇ ಶೆಡ್ಡುಗಳು ತುಂಬುತ್ತವೆ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಎಣ್ಣೆ ಬೆರೆಸಿದ ದ್ರಾವಣದಲ್ಲಿ ಗೊಂಚಲನ್ನು ಅದ್ದಿ, ನೆರಳಿನ ಜಾಲರಿಯ ಮೇಲೆ ಹರವುತ್ತಾರೆ. ಹಣ್ಣಿನ ಮೇಲಿನ ಮೇಣದ ಪೊರೆ ಸಡಿಲಾಗಿ ನೀರು ಬೇಗ ಹೊರಬೀಳುತ್ತದೆ. ಎರಡು ವಾರದ ಹೊತ್ತಿಗೆ ಮಣೂಕ ಸಿದ್ಧ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ನೆರಳಲ್ಲಿ ಒಣಗಿದ್ದಕ್ಕೆ ಹಸಿರು ಛಾಯೆ, ನೇರ ಬಿಸಿಲಿನದು ಕಂದು. ನಡುವೆ ಅಕಾಲದ ಮಳೆ ಬಿದ್ದರೆ ಶೆಡ್ಡೆಲ್ಲ ಹುಳಿತು ಬಣ್ಣಗೆಡುತ್ತದೆ, ಸಾಲ ಮಾತ್ರ ಹಾಗೇ ಉಳಿಯುತ್ತದೆ.

ಆಧುನಿಕವಾಗಿ ಕಾಣುವ ಈ ಅದ್ದುನೀರು ಎರಡು ಸಾವಿರ ವರ್ಷ ಹಳೆಯ ಪಾಕ. ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲ, ದ್ರಾಕ್ಷಿಯನ್ನು ಎಣ್ಣೆ ಬೆರೆಸಿದ ಬೂದಿನೀರಿನಲ್ಲಿ ಅದ್ದಿ ಒಣಗಿಸುವಂತೆ ಹೇಳಿದ್ದಾನೆ. ಕಟ್ಟಿಗೆಯ ಬೂದಿಯ ಸಾರವೇ ಪೊಟ್ಯಾಸಿಯಂ ಕಾರ್ಬೊನೇಟ್. ಈಥೈಲ್ ಓಲಿಯೇಟ್ ಆಲಿವ್ ಎಣ್ಣೆಯ ಮುಖ್ಯ ಆಮ್ಲದಿಂದ ಬರುವ ವಸ್ತು. ಔಷಧದ ಅಂಗಡಿಯ ಡಬ್ಬಿಯಲ್ಲಿ ರೈತ ಕೊಳ್ಳುವುದು, ಅಳತೆ ಪಕ್ಕಾ ಮಾಡಿದ ಬೂದಿ ಮತ್ತು ಎಣ್ಣೆ.

ಲಿಂಬೆಗೆ ಇಂಥ ದಾರಿ ಇನ್ನೂ ತೆರೆದಿಲ್ಲ. ಒಮಾನ್ ಮತ್ತು ಕೊಲ್ಲಿಯ ನಾಡುಗಳಲ್ಲಿ ಸಣ್ಣ ಲಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಕಪ್ಪಾಗಿ ಟೊಳ್ಳಾಗುವತನಕ ಬಿಸಿಲಲ್ಲಿ ಒಣಗಿಸಿ, ಲೂಮಿ ಎಂದು ಮಾಂಸದ ಸಾರಿಗೆ ಹಾಕುತ್ತಾರೆ. ಅದಕ್ಕೆ ಬೇಕಾದದ್ದು ತೆಳು ಸಿಪ್ಪೆಯ ಹಣ್ಣು, ಉಪ್ಪು, ಬಿರುಬಿಸಿಲು, ಮೂರೂ ಇಂಡಿಯಲ್ಲಿವೆ. ಮಳೆಗಾಲದ ದರಕುಸಿತಕ್ಕೆ ಲಿಂಬೆ ಸಂಸ್ಕರಣೆಯೇ ಉತ್ತರವೆಂದು ಬೆಳೆಗಾರರು ಬಹುಕಾಲದಿಂದ ಕೇಳುತ್ತಿರುವುದು ನ್ಯಾಯವಾದ ಬೇಡಿಕೆ. ಸದ್ಯಕ್ಕೆ ಇಂಡಿಯ ಲಿಂಬೆಯ ಹೆಚ್ಚಿನ ಪಾಲು ಹಸಿಯಾಗಿಯೇ ಚೀಲದಲ್ಲಿ ತುಂಬಿ ದೂರದ ಪೇಟೆಗಳಿಗೆ ಹೋಗುತ್ತದೆ.